ನರ್ಮದೆಯ ಮೈಮೇಲೆ ಉಳಿದಿರುವ ಕೆಲಸ

(ಸಂಘದ ತಿಂಗಳ ಸಭೆಯಲ್ಲಿ ಮಾದರಿ ಹಡಗಿನ ತಂಡದ ಪರವಾಗಿ ಮಾಡಿದ ಭಾಷಣ)



ತಮ್ಮ ಮುಂದೆ ಈ ಮೇಜಿನ ಮೇಲೆ ಒಂದು ಮರದ ಹಡಗು ಇದೆ. ಅದಕ್ಕೆ ಇನ್ನೂ ಬಣ್ಣ ಹಚ್ಚಿಲ್ಲ, ಮೇಲೆ ತೋಪುಗಳಿಲ್ಲ, ಕಂಬವಿಲ್ಲ. ಕಳೆದ ಸಭೆಯಲ್ಲಿ ಇದನ್ನು ನೋಡಿದ ಕೆಲವರು, “ಹಡಗು ಆಯಿತಲ್ಲ, ಬೂದು ಬಣ್ಣ ಬಳಿದು, ತೋಪು ಕೂರಿಸಿ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಬಿಡಿ” ಎಂದರು. ಇನ್ನು ಕೆಲವರು, “ದಿನವೆಲ್ಲ ನಿಂತು ದುಡಿದು ಬಂದ ಹೋಟೆಲ್ ಹುಡುಗರನ್ನು ಕೂರಿಸಿಕೊಂಡು ಗುಂಡುಸೂಜಿ ನೆಡಿಸುತ್ತೀರಿ, ಇದರಿಂದ ಯಾರಿಗೆ ಏನು ಬಂತು?” ಎಂದು ಕೇಳಿದರು. ಇವೆರಡೂ ನ್ಯಾಯವಾದ ಪ್ರಶ್ನೆಗಳೇ. ಮೂರನೆಯದೊಂದು ಪ್ರಶ್ನೆಯೂ ಎದ್ದಿದೆ. ಕಂಬದ ಮೇಲೆ ಯಾವ ಬಾವುಟ ಹಾರಿಸುತ್ತೀರಿ ಎಂಬುದು ಅದು. ಆ ಪ್ರಶ್ನೆ ಬಂದಾಗ ಸಭೆಯಲ್ಲಿ ಸ್ವಲ್ಪ ದನಿ ಏರಿತು. ಮೂರಕ್ಕೂ ಉತ್ತರ ಕೊಡಬೇಕೆಂದು ನಮ್ಮ ತಂಡ ನಿಶ್ಚಯಿಸಿದೆ. ಮಾದರಿ ಮಾಡುವ ಕೆಲಸವನ್ನೇ ಮೊದಲು ವಿವರಿಸುತ್ತೇವೆ. ಬಾವುಟದ ಉತ್ತರ ಆ ಕೆಲಸದ ಒಳಗೇ ಸಿಗುತ್ತದೆ.

ಇದು ಯಾವ ಹಡಗು ಎಂಬುದನ್ನು ಮೊದಲು ಹೇಳಬೇಕು. ಇದರ ಹೆಸರು ನರ್ಮದಾ. ಇಂಗ್ಲಿಷರು ನರ್ಬದಾ ಎಂದು ಬರೆಯುತ್ತಿದ್ದರು. ಇಂಗ್ಲೆಂಡಿನ ಸೌದಾಂಪ್ಟನ್ನಿನಲ್ಲಿ ಥಾರ್ನಿಕ್ರಾಫ್ಟ್ ಕಂಪೆನಿಯವರು ಇದನ್ನು ಕಟ್ಟಿದರು. 1942ರ ನವೆಂಬರಿನಲ್ಲಿ ನೀರಿಗೆ ಇಳಿದು, 1943ರ ಏಪ್ರಿಲಿನಲ್ಲಿ ಆಗಿನ ರಾಯಲ್ ಇಂಡಿಯನ್ ನೇವಿಯ ಸೇವೆಗೆ ಸೇರಿತು. ಬ್ಲ್ಯಾಕ್ ಸ್ವಾನ್ ಎಂಬ ವರ್ಗದ ಸ್ಲೂಪ್ ಇದು. ಸ್ಲೂಪ್ ಎಂದರೆ ಭಾರಿ ಯುದ್ಧನೌಕೆಯಲ್ಲ. ಸರಕಿನ ಹಡಗುಗಳ ಸಾಲಿಗೆ ಕಾವಲು ಹೋಗುವುದು, ಜಲಾಂತರ್ಗಾಮಿಗಳನ್ನು ಬೆನ್ನಟ್ಟುವುದು, ವಿಮಾನಗಳಿಗೆ ಗುಂಡು ಹೊಡೆಯುವುದು ಇದರ ಕೆಲಸ. ಇದೇ ವರ್ಗದ ಇನ್ನೂ ಐದು ಹಡಗುಗಳಿಗೆ ನಮ್ಮ ದೇಶದ ನದಿಗಳ ಹೆಸರನ್ನೇ ಇಟ್ಟಿದ್ದರು: ಸಟ್ಲೆಜ್, ಜಮುನಾ, ಗೋದಾವರಿ, ಕಾವೇರಿ, ಕೃಷ್ಣಾ. 1945ರ ಆರಂಭದಲ್ಲಿ ಬರ್ಮಾದ ಅರಕಾನ್ ಕರಾವಳಿಯ ಕಾಳಗಗಳಲ್ಲಿ ನರ್ಮದಾ ಇತ್ತು. 1946ರ ಫೆಬ್ರವರಿಯಲ್ಲಿ ನಮ್ಮ ಮುಂಬಯಿ ಬಂದರಿನಲ್ಲಿತ್ತು. ಆಗ ಏನಾಯಿತು ಎಂಬುದನ್ನು ಅಡುಗೆಮನೆಯ ಮಾತು ಬಂದಾಗ ಹೇಳುತ್ತೇವೆ.

“ಕಾವೇರಿ ಇರುವಾಗ ನರ್ಮದಾ ಏಕೆ? ಅದೂ ಆಮೇಲೆ ಪಾಕಿಸ್ತಾನಕ್ಕೆ ಹೋದ ಹಡಗು!” ಎಂದು ಒಬ್ಬರು ಕೇಳಿದರು. ಹೌದು, ದೇಶ ಇಬ್ಭಾಗವಾದಾಗ ಹಡಗುಗಳನ್ನೂ ಪಾಲು ಮಾಡಿದರು. ನರ್ಮದಾ ಆಚೆ ಹೋಗಿ ಝೇಲಂ ಎಂಬ ಹೆಸರು ಪಡೆಯಿತು. ಕಾವೇರಿ, ಕೃಷ್ಣಾ ಈಚೆ ಉಳಿದವು. 1961ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಗಾಗಿ ಮರ್ಮಗೋವಾ ಬಂದರಿಗೆ ನುಗ್ಗಿದ ಹಡಗುಗಳಲ್ಲಿ ನಮ್ಮ ಕಾವೇರಿಯೂ ಒಂದು. ಅದರ ಮಾದರಿಯನ್ನೂ ಮುಂದೆ ಮಾಡೋಣ, ಬೇಡವೆನ್ನುವುದಿಲ್ಲ. ಆದರೆ 1946ರಲ್ಲಿ ಈ ಊರಿನ ಜನ ಅನ್ನ ಕೊಟ್ಟದ್ದು, ಈ ಊರಿನ ಗಿರಣಿಗಳು ನಿಂತದ್ದು, ಬಂದರಿನಲ್ಲಿ ಮುಷ್ಕರ ಹೂಡಿದ ಹಡಗುಗಳ ಖಲಾಸಿಗಳಿಗಾಗಿ. ಆ ಹಡಗುಗಳಲ್ಲಿ ನರ್ಮದಾ ಮುಖ್ಯವಾದುದು. ಆದುದರಿಂದ ಇದನ್ನು ಆರಿಸಿಕೊಂಡೆವು.

ಇನ್ನು ಅಳತೆಯ ವಿಷಯ. ಮಾದರಿಯ ಕೆಲಸದಲ್ಲಿ ಎಲ್ಲಕ್ಕೂ ತಾಯಿ ಅದೇ. ನಿಜವಾದ ಹಡಗಿನ ಒಂದು ಅಡಿಗೆ ನಮ್ಮ ಮಾದರಿಯಲ್ಲಿ ಒಂದು ಇಂಚಿನ ಎಂಟನೆಯ ಒಂದು ಭಾಗ. ಮಕ್ಕಳ ಶಾಲೆಯ ಅಡಿಕೋಲಿನಲ್ಲಿ ಇಂಚಿನ ಎಂಟು ಗೀರು ಇರುತ್ತವಲ್ಲ, ಒಂದು ಗೀರಿಗೆ ಒಂದು ಅಡಿ ಎಂದು ತಿಳಿದರೆ ಸಾಕು. ಅಂದರೆ 96ರಲ್ಲಿ ಒಂದು ಪಾಲು. ನರ್ಮದೆಯ ಉದ್ದ 299 ಅಡಿ 6 ಇಂಚು. ನಮ್ಮದು 37 ಇಂಚು ಮೀರಿ, 37½ಕ್ಕೆ ಕೂದಲೆಳೆಯಷ್ಟು ಕಡಿಮೆ. ಅಗಲ 37 ಅಡಿ 6 ಇಂಚು. ನಮ್ಮದು ನಾಲ್ಕು ಮುಕ್ಕಾಲು ಇಂಚಿಗೆ ತುಸು ಕಡಿಮೆ. ಐದೂವರೆ ಅಡಿ ಎತ್ತರದ ಮನುಷ್ಯ ಇದರ ಮೇಲೆ ಮುಕ್ಕಾಲು ಇಂಚನ್ನೂ ಮುಟ್ಟುವುದಿಲ್ಲ. ಅಂಥ ಸುಮಾರು 180 ಮಂದಿ ಈ ಹಡಗಿನಲ್ಲಿ ಇದ್ದರು ಎಂಬುದನ್ನು ನೆನಪಿಡಿ. ಈ ಮೇಜಿನ ಮೇಲೆ ಹಡಗು ದೊಡ್ಡದಾಗಿ ಕಾಣುತ್ತದೆ. ಆ 180 ಮಂದಿಗೆ ಅದು ದೊಡ್ಡದಾಗಿರಲಿಲ್ಲ. ಊಟ ಮಾಡಿದ ಕೋಣೆಯಲ್ಲೇ ತೂಗುಜೋಲಿ ಕಟ್ಟಿ ಮಲಗುತ್ತಿದ್ದರು. ಹೋಟೆಲಿನ ಮಾಳಿಗೆಯ ಮೇಲೆ ಚಾಪೆಗೆ ಚಾಪೆ ತಾಗಿಸಿ ಮಲಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಡಗಿನ ಒಡಲನ್ನು ಕೆತ್ತಿದವರು ನಮ್ಮ ಹಿರಿಯರೊಬ್ಬರು. 1982ರ ಮುಷ್ಕರದವರೆಗೆ ಗಿರಣಿಯ ಬಡಗಿ ಖಾತೆಯಲ್ಲಿ ಇದ್ದವರು. ಹಲಗೆಯ ಮೇಲೆ ಹಲಗೆ ಅಂಟಿಸಿ, ಮೊದಲು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಆಮೇಲೆ ಮೆಟ್ಟಿಲುಗಳನ್ನೆಲ್ಲ ಉಜ್ಜಿ ಒಂದು ಮಾಡಿದರು. ರಟ್ಟಿನಲ್ಲಿ ಹಡಗಿನ ಅಡ್ಡಕೊಯ್ತದ ಆಕಾರಗಳನ್ನು ಕತ್ತರಿಸಿ, ಒಡಲಿಗೆ ಹಿಡಿದು, ಬೆಳಕು ನುಸುಳುವ ಕಡೆ ಮತ್ತೆ ಉಜ್ಜಿದರು. ಒಡಲಿನ ಕೆಲಸ ಮುಗಿದಿದೆ. ಅದರ ಮೈಗೆ ಬರಬೇಕಾದ ವಿವರಗಳು ಉಳಿದಿವೆ. ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು ತಗಡಿನ ಗೆರೆಗಳು. ನಿಜವಾದ ಹಡಗು ಒಂದೇ ತುಂಡಿನಿಂದ ಆದುದಲ್ಲ. ಉಕ್ಕಿನ ತಗಡುಗಳನ್ನು ಸಾಲು ಸಾಲಾಗಿ ಜೋಡಿಸಿದ್ದು. ಹತ್ತಿರದಿಂದ ನೋಡಿದರೆ ಆ ಸಾಲುಗಳು ಕಾಣುತ್ತವೆ. ನಾವು ತೆಳು ಕಾಗದವನ್ನು ಅರ್ಧ ಇಂಚಿನ ಪಟ್ಟಿಗಳಾಗಿ ಕತ್ತರಿಸಿ, ಮೂತಿಯಿಂದ ಹಿಂದಿನವರೆಗೆ ಅಂಟಿಸಿ, ಮೇಲೆ ವಾರ್ನಿಷು ಹಚ್ಚಿ, ಒಣಗಿದ ಮೇಲೆ ನುಣ್ಣನೆಯ ಉಜ್ಜುಕಾಗದದಿಂದ ತಿಕ್ಕುತ್ತೇವೆ. ಗೆರೆ ಬೆಳಕಿಗೆ ಓರೆ ಹಿಡಿದಾಗ ಮಾತ್ರ ಕಾಣಬೇಕು. “ರಿವೆಟ್ಟುಗಳನ್ನೂ ಹಾಕೋಣ, ಚೆನ್ನಾಗಿ ಕಾಣುತ್ತದೆ” ಎಂದು ಹುಡುಗರು ಹೇಳಿದರು. ಲೆಕ್ಕ ಹಾಕಿಸಿದೆವು. ಒಂದು ಇಂಚಿನ ರಿವೆಟ್ಟಿನ ತಲೆ ನಮ್ಮ ಅಳತೆಯಲ್ಲಿ ಇಂಚಿನ 96ನೆಯ ಒಂದು ಭಾಗ. ರವೆಯ ಕಾಳಿಗಿಂತಲೂ ಚಿಕ್ಕದು. ಕಣ್ಣಿಗೆ ಕಾಣುವ ಹಾಗೆ ಹಾಕಿದರೆ ಅದು ರಿವೆಟ್ಟಲ್ಲ, ಕಜ್ಜಿ. ಆದುದರಿಂದ ಬಿಟ್ಟೆವು. ಇದ್ದುದನ್ನು ಅಳತೆ ಮೀರಿ ತೋರಿಸುವುದೂ ಇಲ್ಲದುದನ್ನು ತೋರಿಸಿದಂತೆಯೇ ಎಂದು ಆ ದಿನ ಎಲ್ಲರೂ ಸೇರಿ ಒಂದು ನಿಯಮ ಮಾಡಿಕೊಂಡೆವು. ಈ ನಿಯಮವನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು.

ಎರಡನೆಯದು ದುಂಡು ಕಿಟಕಿಗಳು. ಖಲಾಸಿಗಳ ಕೋಣೆಗಳಿಗೆ ಗಾಳಿ ಬೆಳಕು ಬರುತ್ತಿದ್ದ ದಾರಿಗಳಲ್ಲಿ ಇವು ಮುಖ್ಯ. ಯುದ್ಧದ ಕಾಲದಲ್ಲಿ ರಾತ್ರಿ ಸಮುದ್ರದ ಮೇಲೆ ಇವನ್ನು ಉಕ್ಕಿನ ಮುಚ್ಚಳದಿಂದ ಭದ್ರವಾಗಿ ಮುಚ್ಚುತ್ತಿದ್ದರು. ಬೆಳಕಿನ ಒಂದು ಕಿಡಿ ಹೊರಗೆ ಕಂಡರೂ ಶತ್ರುವಿಗೆ ಗುರುತು ಸಿಗುತ್ತಿತ್ತು. ಒಳಗಿನ ಸೆಖೆ ಹೇಗಿತ್ತೆಂಬುದನ್ನು ಭಟ್ಟಿಯ ಮುಂದೆ ನಿಂತವರು ಊಹಿಸಬಹುದು. ಒಂದು ಅಡಿಯ ಕಿಟಕಿ ನಮಗೆ ಅಡಿಕೋಲಿನ ಒಂದು ಗೀರು. ಕಾಗದದ ಪಟ್ಟಿಯ ಮೇಲೆ ನಕ್ಷೆಯಿಂದ ಗುರುತು ಇಳಿಸಿ, ಆ ಪಟ್ಟಿಯನ್ನು ಒಡಲಿಗೆ ಅಂಟಿಸಿ, ಮೊದಲು ಸೂಜಿಯಿಂದ ಚುಚ್ಚಿ, ಆಮೇಲೆ ಕೈಯಿಂದ ತಿರುಗಿಸುವ ಸಣ್ಣ ಬೈರಿಗೆಯಿಂದ ತೂತು ಕೊರೆಯುತ್ತೇವೆ. ಬಣ್ಣಕ್ಕೆ ಮೊದಲೇ ಕೊರೆಯಬೇಕು. ಸಾಲು ಒಂದು ಕೂದಲಷ್ಟು ಏರುಪೇರಾದರೂ ಕಣ್ಣಿಗೆ ಹೊಡೆಯುತ್ತದೆ. ಪ್ರತಿ ಕಿಟಕಿಯ ಮೇಲೂ ಹುಬ್ಬಿನಂಥ ಒಂದು ಸಣ್ಣ ಏಣು ಇರುತ್ತದೆ. ಮೇಲಿನಿಂದ ಇಳಿದ ನೀರು ಒಳಗೆ ಬೀಳದೆ ಪಕ್ಕಕ್ಕೆ ಹರಿಯಲಿ ಎಂದು. ಮನೆಯ ಕಿಟಕಿಯ ಮೇಲಿನ ಸಜ್ಜಾದ ಕೆಲಸವೇ ಅದು. ಫ್ಯೂಸಿನ ತಂತಿಯನ್ನು ಮೊಳೆಗೆ ಸುತ್ತಿ, ಅರ್ಧಕ್ಕೆ ಕತ್ತರಿಸಿದರೆ ಹುಬ್ಬುಗಳು ಸಿದ್ಧ.

ಮೂರನೆಯದು ನೀರು ಹೋಗುವ ಬಾಯಿಗಳು. ಹಡಗಿನ ಮೇಲ್ಮೈ ಚಪ್ಪಟೆಯಲ್ಲ. ನಡುವೆ ಸ್ವಲ್ಪ ಎತ್ತರ, ಎರಡೂ ಪಕ್ಕಕ್ಕೆ ಇಳಿಜಾರು. ತೊಳೆದ ನೀರು, ಅಲೆಯ ನೀರು ಬದಿಗೆ ಹರಿದು ತೂತುಗಳಿಂದ ಹೊರಗೆ ಬೀಳುತ್ತದೆ. ಮೋರಿ ಎಲ್ಲಿದೆ ಎಂದು ನೋಡದೆ ನೆಲ ತೊಳೆಯುವ ಹೋಟೆಲ್ ಹುಡುಗನುಂಟೇ? ನಮ್ಮ ತಂಡಕ್ಕೆ ಬಂದ ಒಬ್ಬ ಕ್ಲೀನರ್ ಹುಡುಗ ನಕ್ಷೆ ನೋಡಿದವನೇ ಮೊದಲು ಕೇಳಿದ್ದು, “ಇದರ ಮೋರಿ ಎಲ್ಲಿ ಅಣ್ಣಾ?” ಎಂದು. ಕಂಪೆನಿಯಿಂದ ಬರುವ ಪ್ಲಾಸ್ಟಿಕ್ ಮಾದರಿಗಳಲ್ಲಿ ಎಷ್ಟೋ ಸಲ ಈ ತೂತುಗಳೇ ಇರುವುದಿಲ್ಲ.

ನಾಲ್ಕನೆಯದು ಲಂಗರು ಮತ್ತು ಅದರ ಸರಪಳಿ. ಸರಪಳಿಗೆ ಭುಲೇಶ್ವರದ ಕೃತಕ ಒಡವೆಯ ಅಂಗಡಿಗಳಿಂದ ಅತಿ ಸಣ್ಣ ಕೊಂಡಿಯದನ್ನು ತಂದಿದ್ದೇವೆ. ಚಿನ್ನದ ಬಣ್ಣ ಹೋಗುವವರೆಗೆ ಕೆರೆದು ಕಪ್ಪು ಹಚ್ಚಬೇಕು. ಲಂಗರು ಇಳಿಯುವ ಬಾಯಿಯ ಕೆಳಗೆ ತುಕ್ಕಿನ ಒಂದು ಸಣ್ಣ ಎಳೆ ಬರಬೇಕು. ಅದಕ್ಕಿಂತ ಹೆಚ್ಚು ತುಕ್ಕು ಬೇಡ. ಯುದ್ಧನೌಕೆಯಲ್ಲಿ ಖಲಾಸಿಗೆ ಬಿಡುವೆಂಬುದು ಇರಲಿಲ್ಲ. ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು ಮುಗಿಯದ ಕೆಲಸ. ಮೇಜು ಒರೆಸಿದ ಮೇಲೆ ಇನ್ನೊಂದು ಗಿರಾಕಿ ಬಂದು ಕೂರುವ ಹಾಗೆ.

ಐದನೆಯದು ನೀರಿನ ಗೆರೆಯ ಕಪ್ಪು ಪಟ್ಟಿ. ಬಂದರಿನ ನೀರಿನ ಮೇಲೆ ತೇಲುವ ಎಣ್ಣೆ, ಕೊಳೆ ಹಡಗಿಗೆ ಹತ್ತುವುದು ಅಲ್ಲಿಯೇ. ಅದು ಎದ್ದು ಕಾಣಬಾರದೆಂದು ಅಲ್ಲಿ ಕಪ್ಪು ಬಣ್ಣ. ಅದರ ಕೆಳಗೆ, ಸುಮಾರು 11 ಅಡಿ, ಅಂದರೆ ನಮ್ಮಲ್ಲಿ ಒಂದೂ ಕಾಲು ಇಂಚು ಮೀರಿದಷ್ಟು ಭಾಗ ನೀರಿನಲ್ಲಿ ಮುಳುಗಿರುತ್ತದೆ. ಅಲ್ಲಿ ಎರಡು ಪಂಖಗಳು, ಚುಕ್ಕಾಣಿ, ಮತ್ತು ಹಡಗು ಹೆಚ್ಚು ಹೊರಳದಂತೆ ಎರಡೂ ಬದಿಗೆ ಉದ್ದನೆಯ ಎರಡು ರೆಕ್ಕೆಗಳು. ಪಂಖಗಳನ್ನು ಹಾಲಿನ ಪುಡಿಯ ಡಬ್ಬಿಯ ತಗಡಿನಿಂದ ಕತ್ತರಿಸಿದ್ದೇವೆ. ಎರಡು ಪಂಖದ ಹಡಗಿನಲ್ಲಿ ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಆದುದರಿಂದ ಒಂದರ ಎಲೆಗಳು ಇನ್ನೊಂದಕ್ಕೆ ಕನ್ನಡಿಯ ಬಿಂಬದಂತೆ ಇರಬೇಕು.

ಇಷ್ಟೆಲ್ಲ ಆದ ಮೇಲೆ ಬಣ್ಣ. ಬಣ್ಣ ಒಣಗಿದ ಮೇಲೆ ಎರಡೂ ಪಕ್ಕದಲ್ಲಿ ಅದರ ಗುರುತಿನ ನಂಬರು, ಯು 40. ಒಡಲಿನ ಕೆಲಸ ಅಲ್ಲಿಗೆ ಮುಗಿಯಿತು.

ಇನ್ನು ಮೇಲ್ಮೈ. ಇಲ್ಲಿ ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ. ನಡುವಿನಿಂದ ಹೊರಕ್ಕೆ ಬರಬೇಕು. ದೊಡ್ಡದನ್ನು ಮೊದಲು ಕೂರಿಸಬೇಕು, ಚಿಕ್ಕದನ್ನು ಆಮೇಲೆ, ರೇಲಿಂಗನ್ನು ಎಲ್ಲಕ್ಕೂ ಕೊನೆಗೆ. ರೇಲಿಂಗು ಮೊದಲೇ ಹಾಕಿದರೆ ಕೈ ತಗಲಿ ಮುರಿಯುವುದು ಖಂಡಿತ. ಪ್ರತಿಯೊಂದು ಸಾಮಾನಿಗೂ ಬೇರೆಯಾಗಿ ಬಣ್ಣ ಹಚ್ಚಿ, ಒಣಗಿಸಿ, ನಂತರವೇ ಕೂರಿಸಬೇಕು.

ತೋಪುಗಳಿಂದಲೇ ತೊಡಗೋಣ, ಎಲ್ಲರೂ ಕೇಳುವುದು ಅದನ್ನೇ. ನಾಲ್ಕು ಇಂಚು ಬಾಯಿಯ ಆರು ತೋಪುಗಳು, ಎರಡೆರಡರ ಮೂರು ಜೋಡಿ. ಎರಡು ಜೋಡಿ ಮುಂದೆ, ಒಂದರ ಹಿಂದೆ ಒಂದು ಮೆಟ್ಟಿಲು ಎತ್ತರದಲ್ಲಿ. ಒಂದು ಜೋಡಿ ಹಿಂಭಾಗದಲ್ಲಿ. ನಳಿಗೆಯ ಉದ್ದ ಸುಮಾರು 15 ಅಡಿ, ನಮ್ಮಲ್ಲಿ ಎರಡು ಇಂಚಿಗೆ ಸ್ವಲ್ಪ ಕಡಿಮೆ. ಬಾಯಿಯ ತೂತು ಇಂಚಿನ 24ನೆಯ ಒಂದು ಭಾಗ. ಅದನ್ನೂ ಕೊರೆಯಲೇಬೇಕು. ಬಾಯಿ ಮುಚ್ಚಿದ ತೋಪು ಕಡ್ಡಿಯಂತೆ ಕಾಣುತ್ತದೆ. ಹಡಗಿನ ಬಾಲದಲ್ಲಿ ಜಲಾಂತರ್ಗಾಮಿಯ ಮೇಲೆ ಉರುಳಿಸುವ, ನೀರೊಳಗೆ ಸಿಡಿಯುವ ಪೀಪಾಯಿಗಳು. ಅವಕ್ಕೆ ಬಿದಿರಿನ ಕಡ್ಡಿಯನ್ನು ಸಮನಾಗಿ ತುಂಡರಿಸಿದ್ದೇವೆ.

ತೋಪುಗಳನ್ನು ಎಲ್ಲ ಮಾದರಿಗಾರರೂ ಶ್ರದ್ಧೆಯಿಂದ ಮಾಡುತ್ತಾರೆ. ಉಳಿದದ್ದನ್ನು ಅಷ್ಟೇ ಶ್ರದ್ಧೆಯಿಂದ ಮಾಡುವವರು ಕಡಿಮೆ. ಹಗ್ಗ ಸುತ್ತುವ ಜೋಡಿಗೂಟಗಳು, ಲಂಗರಿನ ಸರಪಳಿ ಎಳೆಯುವ ರಾಟೆ, ಕೆಳಗಿನ ಕೋಣೆಗಳಿಗೆ ಗಾಳಿ ಇಳಿಸುವ ಅಣಬೆಯಾಕಾರದ ಕೊಳವೆಗಳು, ಕೆಳಗಿಳಿಯುವ ಬಾಯಿಗಳು, ಉಕ್ಕಿನ ಏಣಿಗಳು. ಏಣಿಯ ಮೆಟ್ಟಿಲಿಗೂ ಮೆಟ್ಟಿಲಿಗೂ ನಡುವೆ ಒಂಬತ್ತು ಇಂಚು ಎಂದರೆ ನಮಗೆ ಅಡಿಕೋಲಿನ ಒಂದು ಗೀರಿನ ಮುಕ್ಕಾಲು ಪಾಲು. ಗಾಳಿಕೊಳವೆಗೆ ಗುಂಡುಸೂಜಿಯ ತಲೆ ಸರಿಹೋಗುತ್ತದೆ. ತೋಪು ಹೊಡೆಯುವುದು ಯುದ್ಧದ ದಿನ ಮಾತ್ರ. ಏಣಿ ಹತ್ತುವುದು, ಹಗ್ಗ ಎಳೆಯುವುದು, ನೆಲ ತಿಕ್ಕುವುದು ಪ್ರತಿದಿನದ ಕೆಲಸ. ಖಲಾಸಿಯ ಕೈ ಬಿದ್ದ ಜಾಗಗಳು ಇವೇ ಆಗಿವೆ.

ರೇಲಿಂಗಿನ ವಿಷಯದಲ್ಲಿ ಗಿರಣಿಯ ಹಿರಿಯರು ನಮಗೆ ದಾರಿ ತೋರಿಸಿದರು. ಮೂರೂವರೆ ಅಡಿಯ ಗೂಟ ನಮಗೆ ಅರ್ಧ ಇಂಚಿಗೂ ಕಡಿಮೆ. ಅದಕ್ಕೆ ಮೂರು ಸಾಲು ತಂತಿ. ದಪ್ಪ ತಂತಿ ಹಾಕಿದರೆ ಕೈದಿಗಳ ಬೋನಿನಂತೆ ಕಾಣುತ್ತದೆ. ನೂಲು ಹಾಕೋಣವೆಂದರೆ ಅದರ ಜುಂಗು ಎದ್ದು ನಿಂತು ಹಡಗಿಗೆ ಮೀಸೆ ಬಂದಂತಾಗುತ್ತದೆ. “ಸಣ್ಣ ನೂಲನ್ನು ಎರಡು ಸಲ ಜೇನುಮೇಣದ ಮೇಲೆ ಎಳೆಯಿರಿ, ಜುಂಗು ಮಲಗುತ್ತದೆ” ಎಂದು ನೂಲುವ ಖಾತೆಯಲ್ಲಿ ದುಡಿದ ಅಜ್ಜಿಯೊಬ್ಬರು ಹೇಳಿಕೊಟ್ಟರು. ಹಾಗೆಯೇ ಮಾಡಿದೆವು. ಈಗ ಇಲ್ಲಿ ಮುಂಭಾಗದಲ್ಲಿ ಆರು ಇಂಚಿನಷ್ಟು ರೇಲಿಂಗನ್ನು ನಮೂನೆಗಾಗಿ ಹಾಕಿದ್ದೇವೆ. ದಯವಿಟ್ಟು ಹತ್ತಿರ ಬಂದು ನೋಡಿ, ಬೆರಳಿನಿಂದ ಮುಟ್ಟಬೇಡಿ.

ಈಗ ಅಡುಗೆಮನೆಗೆ ಬರುತ್ತೇವೆ. ಹಡಗಿನ ದೊಡ್ಡ ಹೊಗೆಗೊಳವೆ ಬಾಯ್ಲರಿನದು. ಅಡುಗೆಮನೆಯ ಹೊಗೆಗೆ ಬೇರೆಯೇ ಒಂದು ಸಣ್ಣ ಕೊಳವೆ ಇರುತ್ತದೆ. ದೂರದಿಂದ ಕಾಣುವುದಿಲ್ಲ, ಬಿಟ್ಟರೂ ಯಾರೂ ಕೇಳುವುದಿಲ್ಲ. ಆದರೆ ಈ ಮಾದರಿಯಲ್ಲಿ ಅದು ಇರಲೇಬೇಕು. ಏಕೆಂದರೆ 1946ರ ಕಥೆ ಆರಂಭವಾದುದೇ ಊಟದಿಂದ.

ಕೊಲಾಬಾದಲ್ಲಿ ತಲ್ವಾರ್ ಎಂಬ ಹೆಸರಿನ ನೌಕಾದಳದ ಸಿಗ್ನಲ್ ಶಾಲೆ ಇತ್ತು. ಹೆಸರು ಹಡಗಿನದಾದರೂ ಅದು ನೆಲದ ಮೇಲಿನದೇ. ಹುಳುಕು ಊಟ, ಕೀಳು ಬೈಗುಳ, ಇಂಗ್ಲಿಷ್ ಖಲಾಸಿಗಿಂತ ಕಡಿಮೆ ಸಂಬಳ, ಇವುಗಳಿಂದ ಅಲ್ಲಿನವರು ಬೇಸತ್ತಿದ್ದರು. 1946ರ ಫೆಬ್ರವರಿ 18ರಂದು ಅವರು ಬೆಳಗಿನ ಊಟವನ್ನು ಮುಟ್ಟಲಿಲ್ಲ, ಕೆಲಸಕ್ಕೂ ಹೋಗಲಿಲ್ಲ. ಮರುದಿನ ಬಂದರಿನ ಹಡಗುಗಳೂ ಅವರ ಜೊತೆ ಸೇರಿದವು. ಮುಷ್ಕರದ ಕೇಂದ್ರ ಸಮಿತಿಗೆ ಎಂ. ಎಸ್. ಖಾನ್ ಅಧ್ಯಕ್ಷರು, ಮದನ್ ಸಿಂಗ್ ಉಪಾಧ್ಯಕ್ಷರು. ಒಳ್ಳೆಯ ಊಟ, ಸಮಾನ ಸಂಬಳ, ಆಜಾದ್ ಹಿಂದ್ ಸೇನೆಯ ಬಂದಿಗಳ ಬಿಡುಗಡೆ, ಇಂಡೋನೇಷ್ಯದಿಂದ ಭಾರತೀಯ ಸೈನ್ಯದ ವಾಪಸಾತಿ, ಹೀಗೆ ಅವರ ಬೇಡಿಕೆಗಳಿದ್ದವು. ಕರಾಚಿ, ಮದ್ರಾಸು, ಕಲ್ಕತ್ತಾಗಳಿಗೂ ಮುಷ್ಕರ ಹಬ್ಬಿತು. 78 ಹಡಗುಗಳು, ಸುಮಾರು 20,000 ಖಲಾಸಿಗಳು ಸೇರಿದರೆಂದು ಲೆಕ್ಕ.

21ರಂದು ಕೋಟೆಯ ಬಳಿಯ ಕ್ಯಾಸಲ್ ಬ್ಯಾರಕ್ಸಿನಲ್ಲಿ ಗುಂಡಿನ ಕಾಳಗ ನಡೆಯಿತು. ಖಲಾಸಿಗಳಿಗೆ ಊಟ ಇಲ್ಲವೆಂಬ ಸುದ್ದಿ ಊರಿಗೆ ತಿಳಿಯಿತು. ಜನ ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಗೆ ಅನ್ನ, ಹಣ್ಣು, ರೊಟ್ಟಿ, ಹಾಲು ಹೊತ್ತು ತಂದರು. ಹೋಟೆಲಿನವರು ತಮ್ಮಲ್ಲಿ ಇದ್ದುದನ್ನು ಕೊಟ್ಟು, ಖಲಾಸಿಗಳಿಗೆ ಒಯ್ಯಿರಿ ಎಂದು ದಾರಿಹೋಕರನ್ನು ಕೇಳಿಕೊಂಡರು. ಹಡಗುಗಳಿಂದ ದೋಣಿಗಳು ಬಂದು ಆ ಊಟವನ್ನು ಒಯ್ದವು. ಮರುದಿನ, 22ರಂದು, ಗಿರಣಿಗಳು ನಿಂತವು. ಗೋಳೀಬಾರಿನಲ್ಲಿ ಈ ಊರಿನ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಪರೇಲಿನಲ್ಲಿ ಕಮಲ ಧೋಂಡೆ ಎಂಬ ಹೆಣ್ಣುಮಗಳು ಗುಂಡಿಗೆ ಬಲಿಯಾದರು. 23ರಂದು, ಸರದಾರ ಪಟೇಲರ ಮತ್ತು ಜಿನ್ನಾ ಅವರ ಸಲಹೆಯಂತೆ, ಮುಷ್ಕರ ನಿಂತಿತು.

ಹಡಗಿನ ಬದಿಗೆ ಬಾಗಿದ ಎರಡು ಕಂಬಗಳಿಂದ ತೂಗುವ ಈ ಚಿಕ್ಕ ದೋಣಿಯನ್ನು ನೋಡಿ. ಅನ್ನ ತಂದವು ಇಂಥ ದೋಣಿಗಳೇ. “ಇದರಲ್ಲಿ ಅನ್ನದ ಪೊಟ್ಟಣ ಇಡಬಹುದೇ?” ಎಂದು ತಂಡದ ಹುಡುಗನೊಬ್ಬ ಕೇಳಿದ. ನಿಯಮದಂತೆ ಲೆಕ್ಕ ಹಾಕು ಎಂದೆವು. ಆರು ಇಂಚಿನ ಪೊಟ್ಟಣ ನಮ್ಮ ಅಳತೆಯಲ್ಲಿ ಇಂಚಿನ 16ನೆಯ ಒಂದು ಭಾಗ. ಅವನು ಸ್ವಲ್ಪ ಯೋಚಿಸಿ, “ಸಾಸಿವೆ ಕಾಳು ಸರಿಹೋಗುತ್ತದೆ” ಎಂದ. ಸರಿಹೋಯಿತು. ಒಗ್ಗರಣೆಯ ಡಬ್ಬಿಯಿಂದ ತಂದ ಹನ್ನೆರಡು ಸಾಸಿವೆ ಕಾಳು ಈ ದೋಣಿಯಲ್ಲಿ ಇವೆ. ಬಾಳೆ ಎಲೆಯ ಹಸಿರು ಬಣ್ಣ ಹಚ್ಚಿದ್ದೇವೆ. ಭೂತಗನ್ನಡಿ ಹಿಡಿದರೆ ಕಾಣುತ್ತವೆ. ಹುಡುಗರನ್ನು ಕೂರಿಸಿಕೊಂಡು ಏನು ಮಾಡಿಸುತ್ತೀರಿ ಎಂದು ಕೇಳಿದವರಿಗೆ ಇದೇ ನಮ್ಮ ಉತ್ತರ. ಭಾಗಾಕಾರವೆಂದರೆ ಓಡಿಹೋಗುತ್ತಿದ್ದ ಹುಡುಗ ಈಗ 96ರಿಂದ ಬಾಯಲ್ಲೇ ಭಾಗಿಸುತ್ತಾನೆ. ತನ್ನ ಊರಿನ ಹೋಟೆಲಿನವರು ಒಮ್ಮೆ ಏನು ಮಾಡಿದ್ದರೆಂಬುದೂ ಅವನಿಗೆ ಗೊತ್ತಿದೆ.

ಕೊನೆಗೆ ಬಾವುಟ. ಅಲ್ಲಿಯವರೆಗೆ ಈ ಹಡಗುಗಳ ಮೇಲೆ ಇಂಗ್ಲಿಷರ ಬಿಳಿಯ ನೌಕಾ ಬಾವುಟ ಹಾರುತ್ತಿತ್ತು. ಮುಷ್ಕರ ಹೂಡಿದವರು ಅದನ್ನು ಇಳಿಸಿ ಮೂರು ಬಾವುಟಗಳನ್ನು ಒಟ್ಟಿಗೆ ಏರಿಸಿದರು: ಕಾಂಗ್ರೆಸ್ಸಿನ ತ್ರಿವರ್ಣ, ಮುಸ್ಲಿಂ ಲೀಗಿನ ಹಸಿರು, ಕಮ್ಯೂನಿಸ್ಟರ ಕೆಂಪು. ನಮ್ಮ ಸಭೆಯಲ್ಲಿ ಕೆಲವರು ತ್ರಿವರ್ಣ ಒಂದೇ ಸಾಕೆಂದರು. ಕೆಲವರು ಕೆಂಪೊಂದು ಸಾಕೆಂದರು. ಹಸಿರು ಹಾಕಿದರೆ ಹೊರಗಿನವರು ಬಂದು ಜಗಳ ತೆಗೆದಾರು, ಸಂಘಕ್ಕೇಕೆ ಉಪದ್ರವ ಎಂದು ಹಿರಿಯರೊಬ್ಬರು ಕಳವಳಪಟ್ಟರು. ಬಾವುಟವೇ ಬೇಡ ಎಂದವರೂ ಇದ್ದಾರೆ.

ಬಂಧುಗಳೇ, ಆ ಹಿರಿಯರ ಕಳವಳವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಸಂಘದ ಬಾಗಿಲಿಗೆ ಕಲ್ಲು ಬಿದ್ದರೆ ಗುಡಿಸುವವರೂ ನಾವೇ. ಆದರೆ ರಿವೆಟ್ಟಿನ ದಿನ ಮಾಡಿಕೊಂಡ ನಿಯಮ ಇಲ್ಲಿಗೂ ಸಲ್ಲುತ್ತದೆ. ಚೆಂದ ಕಾಣುತ್ತದೆಂದು ಇಲ್ಲದ ರಿವೆಟ್ಟನ್ನು ಹಾಕದವರು, ಭಯವಾಗುತ್ತದೆಂದು ಇದ್ದ ಬಾವುಟವನ್ನು ತೆಗೆಯುವುದು ಹೇಗೆ? ಖಾನ್ ಮತ್ತು ಸಿಂಗ್ ಒಂದೇ ಸಮಿತಿಯಲ್ಲಿ ಕುಳಿತದ್ದು ನಿಜ. ಮೂರು ಪಕ್ಷಗಳು ದಿಲ್ಲಿಯಲ್ಲಿ ಒಂದಾಗದಿದ್ದರೂ ಆ ಐದಾರು ದಿನ ಖಲಾಸಿಗಳ ಕಂಬದ ಮೇಲೆ ಒಟ್ಟಿಗೆ ಹಾರಿದ್ದು ನಿಜ. ಮುಂದಿನ ವರ್ಷ ದೇಶ ಒಡೆದದ್ದೂ ನಿಜ. ಹಡಗು ಆಚೆ ಹೋಯಿತು. ಅದು ಆಮೇಲಿನ ಮಾತು. ನಾವು ಮಾಡುತ್ತಿರುವುದು 1946ರ ಫೆಬ್ರವರಿಯ ಹಡಗನ್ನು. ಒಂದೇ ಬಾವುಟ ಹಾಕಿದರೆ ಅದು ಬೇರೆ ಯಾವುದೋ ಹಡಗಾಗುತ್ತದೆ, ಬಾವುಟ ಹಾಕದೆ ಬಿಟ್ಟರೆ ಮುಷ್ಕರವೇ ನಡೆಯದ ಹಡಗಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ತ್ರಿವರ್ಣದ ನಡುವೆ ಅಶೋಕಚಕ್ರ ಬರಬಾರದು. ಅದು ಬಂದದ್ದು 1947ರ ಜುಲೈಯಲ್ಲಿ. 1946ರಲ್ಲಿ ಅಲ್ಲಿ ಇದ್ದುದು ಚರಕ. ಆರು ಅಡಿಯ ಬಾವುಟ ನಮ್ಮಲ್ಲಿ ಮುಕ್ಕಾಲು ಇಂಚು. ಆ ಅಳತೆಯಲ್ಲಿ ಚರಕ ಬರೆಯುವುದು ಸುಲಭವಲ್ಲ. ಬಟ್ಟೆ ಉಪಯೋಗಿಸುವಂತಿಲ್ಲ, ಅತಿ ತೆಳು ಮಲ್ಲೂ ಈ ಅಳತೆಗೆ ಗೋಣಿಯಂತೆ ಕಾಣುತ್ತದೆ. ಸಿಗರೇಟಿನ ಕಾಗದದ ಮೇಲೆ ಎರಡು ಕಡೆಯೂ ಬಣ್ಣ ಹಚ್ಚಿ, ಒದ್ದೆ ಇರುವಾಗಲೇ ಬೆರಳಿನಿಂದ ಅಲೆ ತಿದ್ದಬೇಕು. ಮೂರೂ ಒಂದೇ ಅಳತೆಯವು. ಯಾವುದೂ ಇನ್ನೊಂದಕ್ಕಿಂತ ಒಂದು ಗೀರು ದೊಡ್ಡದಾಗಬಾರದು. ಗಾಜಿನ ಪೆಟ್ಟಿಗೆಯ ಕೆಳಗೆ, ಈ ಮೂರು ಬಾವುಟ ಏಕೆಂದು ಕನ್ನಡದಲ್ಲಿ, ಮರಾಠಿಯಲ್ಲಿ, ಹಿಂದಿಯಲ್ಲಿ ನಾಲ್ಕು ಸಾಲು ಬರೆದು ಹಾಕೋಣ. ಓದಿದ ಮೇಲೂ ಯಾರಾದರೂ ಜಗಳಕ್ಕೆ ಬಂದರೆ, ಒಂದು ಕಪ್ ಚಹಾ ಕೊಟ್ಟು ಕೂರಿಸಿ, ದೋಣಿಯೊಳಗಿನ ಸಾಸಿವೆ ಕಾಳು ತೋರಿಸೋಣ.

ಸಭೆಯಲ್ಲಿ ನಮ್ಮ ಬೇಡಿಕೆ ಮೂರು. ಒಂದು, ಮೂರು ಬಾವುಟಗಳಿಗೂ ಸಭೆ ಒಪ್ಪಿಗೆ ಕೊಡಬೇಕು. ವಿರೋಧವಿದ್ದವರು ಇಲ್ಲಿಯೇ ಎದ್ದು ಹೇಳಲಿ, ನಾವು ಕೇಳುತ್ತೇವೆ. ಎರಡು, ಬರುವ ಫೆಬ್ರವರಿ 18ರವರೆಗೆ ನಮಗೆ ಸಮಯ ಕೊಡಬೇಕು. ಉಳಿದಿರುವ ಕಿಟಕಿ, ಏಣಿ, ರೇಲಿಂಗುಗಳಿಗೆ ಅಷ್ಟು ದಿನ ಬೇಕು. ಮೂರು, ಕೈಗಳು ಬೇಕು. ಭಾನುವಾರ ಸಂಜೆ ರಜೆ ಇರುವವರು, ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಒಂದು ತಾಸು ಕೂರಬಲ್ಲವರು ಬನ್ನಿ. ಕಣ್ಣು ಮಂಜಾದ ಹಿರಿಯರೂ ಬನ್ನಿ, ನೂಲಿಗೆ ಮೇಣ ಎಳೆಯಲು ಕಣ್ಣು ಬೇಕಾಗಿಲ್ಲ. ಬರುವಾಗ ಹಳೆಯ ವಿದ್ಯುತ್ ತಂತಿಯ ತುಂಡು, ಹಾಲಿನ ಪುಡಿಯ ಖಾಲಿ ಡಬ್ಬಿ, ತಲೆ ಸಣ್ಣಗಿರುವ ಗುಂಡುಸೂಜಿ ಇದ್ದರೆ ತನ್ನಿ.

ಸಭೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಮೇಜಿನ ಬಳಿಗೆ ಬರಬೇಕೆಂದು ಕೇಳಿಕೊಳ್ಳುತ್ತೇವೆ. ಭೂತಗನ್ನಡಿ ಒಂದೇ ಇದೆ, ಸರದಿಯಲ್ಲಿ ನೋಡೋಣ.